ಅಪ್ಪನಿಗಿಂತ ಹಿರಿಯ ಮಗ

ನಾಟಕದಲ್ಲಿ ಮಗನ ಪಾರ್ಟು ಮಾಡುವವರಿಗೆ ಅರವತ್ತೇಳು ವರ್ಷ, ಅಪ್ಪನ ಪಾರ್ಟು ಮಾಡುವವರಿಗೆ ಅರವತ್ಮೂರು. ಮಗನಿಗೆ ಎರಡೂ ಮಂಡಿ ನೋವು, ಅಪ್ಪನಿಗೆ ಸಕ್ಕರೆ ಕಾಯಿಲೆ. ಖಳನಾಯಕನಿಗೆ ಹೋದ ವರ್ಷ ತಾನೇ ಎದೆಗೆ ಸ್ಟೆಂಟು ಹಾಕಿದ್ದರು, ಜೋರಾಗಿ ನಗಬಾರದೆಂದು ಡಾಕ್ಟರು ಹೇಳಿದ್ದರಂತೆ. ನಗಲಾರದ ಖಳನಾಯಕನನ್ನು ಕಟ್ಟಿಕೊಂಡು ನಾನು ಯಾವ ಸೀಮೆ ನಾಟಕ ಕಲಿಸಲಿ? ಈ ವರ್ಷದ ಮೊದಲ ಸಂಜೆ ಪಾತ್ರಧಾರಿಗಳನ್ನು ಸಾಲಾಗಿ ಕೂರಿಸಿ ನೋಡಿದಾಗ, ಇದು ನಾಟಕದ ತಾಲೀಮೋ ಪಿಂಚಣಿ ಕ್ಯಾಂಪೋ ಎಂದು ಒಂದು ಕ್ಷಣ ಗೊತ್ತಾಗಲಿಲ್ಲ.

ನಾನು ನ್ಯಾಮತಿಯವನು, ಹಾರ್ಮೋನಿಯಂ ಮೇಷ್ಟ್ರು. ಹಳ್ಳಿಗಳಿಗೆ ಹೋಗಿ ಅಲ್ಲಿನವರಿಗೇ ಬಣ್ಣ ಹಚ್ಚಿ ನಾಟಕ ಆಡಿಸುವುದು ನನ್ನ ಕಸುಬು. ಒಂದೂವರೆ ತಿಂಗಳು ಸಂಜೆ ಹೊತ್ತು ಮಾತು, ಹಾಡು ಕಲಿಸಬೇಕು. ನಾಟಕದ ದಿನ ರಂಗದ ಮುಂದೆ ಕೂತು ಪೆಟ್ಟಿಗೆ ನುಡಿಸಬೇಕು. ಜಗಳೂರು ತಾಲ್ಲೂಕಿನಲ್ಲಿ, ಬಿಳಿಚೋಡಿನ ಆಚೆ, ನನಗೊಂದು ಖಾಯಂ ಊರಿತ್ತು. ಅಲ್ಲಿ ಪೊಲೀಸ್ ಪಾರ್ಟು ಮಾಡುತ್ತಿದ್ದ ಇಬ್ಬರೂ ಈಗ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ. ಅದೇ ಟೋಪಿ, ಅದೇ ಲಾಠಿ, ನಾಟಕ ಮಾತ್ರ ಇಲ್ಲ. ಹೊನ್ನಾಳಿ ಕಡೆಯ ಊರಿನ ಹಾಸ್ಯಪಾತ್ರದವನು ಮಂಗಳೂರಿನ ಹೋಟೆಲ್ಲು ಸೇರಿದ ಮೇಲೆ ಉಳಿದವರಿಗೆ ಉತ್ಸಾಹವೇ ಹೋಯಿತು. ನನ್ನ ನ್ಯಾಮತಿಯವರಂತೂ ನಾಟಕ ಬೇಡ, ಆರ್ಕೆಸ್ಟ್ರಾ ಸಾಕು ಅಂದುಬಿಟ್ಟರು. ಉಳಿದದ್ದು ಚನ್ನಗಿರಿ ತಾಲ್ಲೂಕಿನ ಈ ಒಂದೇ ಊರು, ಉಬ್ರಾಣಿ ರಸ್ತೆಯಲ್ಲಿ ಎಡಕ್ಕೆ ತಿರುಗಿದರೆ ಸಿಗುತ್ತದೆ. ಇದೂ ನಿಂತರೆ ಹಾರ್ಮೋನಿಯಂಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿ, ಅಳಿಯನ ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬುವ ಕೆಲಸಕ್ಕೆ ಕೂರಬೇಕಿತ್ತು. ಅಳಿಯ ಒಳ್ಳೆಯವನೇ. ಆದರೆ ಗಾಳಿ ತುಂಬುವುದರಲ್ಲಿ ರಾಗ ಏನಿದೆ?

ಊರಿಗೂ ಒಂದು ತಲೆನೋವಿತ್ತು. ಅವರ ಬಯಲು ರಂಗಮಂದಿರದ ಮೇಲೆ ಪಂಚಾಯಿತಿಯ ಕಣ್ಣು ಬಿದ್ದಿತ್ತು. ವರ್ಷಕ್ಕೊಂದು ನಾಟಕವೂ ಆಗದಿದ್ದರೆ ಅಷ್ಟು ದೊಡ್ಡ ಸಿಮೆಂಟು ಕಟ್ಟೆ ಏಕೆ ಸುಮ್ಮನೆ ಬಿದ್ದಿರಬೇಕು, ಅಡಿಕೆ ಒಣಗಿಸಲು ಕೊಡೋಣ ಎಂದು ಒಬ್ಬ ಮೆಂಬರು ಪಟ್ಟು ಹಿಡಿದಿದ್ದ. ನಾವು ತಾಲೀಮು ಮಾಡುತ್ತಿರುವಾಗಲೇ ಅಳತೆ ಟೇಪು ಹಿಡಿದು ಕಟ್ಟೆ ಹತ್ತಿದ.

"ನೀವು ಮಾಡ್ಕಳ್ರಿ ಮೇಷ್ಟ್ರೇ, ನಾನು ಮೂಲೆಯಿಂದ ಅಳೀತೀನಿ. ಈ ವರ್ಷ ನಾಟ್ಕ ಆತು ಅಂದ್ರೆ ನಿಮ್ದು. ಆಗ್ಲಿಲ್ಲ ಅಂದ್ರೆ ಅಡಿಕೇದು."

ಹಾಗಾಗಿ ಆಗಲೇಬೇಕಿತ್ತು.

"ಊರಾಗೆ ಹುಡುಗ್ರೇ ಇಲ್ವೇನ್ರೀ?" ಎಂದು ಕಲಾ ಸಂಘದ ಅಧ್ಯಕ್ಷರನ್ನು ಕೇಳಿದೆ. ಅಪ್ಪನ ಪಾರ್ಟು ಅವರದ್ದೇ.

"ಅದಾರೆ ಮೇಷ್ಟ್ರೇ, ವಾಟ್ಸಾಪ್ ಗ್ರೂಪಿನಾಗೆ. ನಾಟ್ಕಕ್ಕೆ ಹುಡುಗ್ರು ಬೇಕು ಅಂತ ಹಾಕಿದ್ವಿ. ಎಲ್ಲಾರೂ ಕೈ ಮುಗಿಯೋ ಚಿತ್ರ ಕಳಿಸ್ಯಾರೆ."

ಪಕ್ಕದಲ್ಲಿ ಕೂತಿದ್ದ ನಮ್ಮ ನಾಯಕರು, ಎಂದರೆ ಮಗನ ಪಾರ್ಟಿನವರು, ನಕ್ಕರು. ಇವರನ್ನು ಊರಿಗೆ ಊರೇ 'ಹೀರೋ' ಎನ್ನುತ್ತದೆ. ಮೊಮ್ಮಗಳೂ 'ಹೀರೋ ತಾತ' ಎನ್ನುತ್ತಾಳೆ.

"ನಮ್ಮವ್ವ ಒಂಬತ್ತು ಹಡೆದ್ಲು ಮೇಷ್ಟ್ರೇ. ನನಗೆ ಎರಡು. ನನ್ನ ಮಗನಿಗೆ ಒಂದು, ಅದೂ ಹೆಣ್ಣು, ಪುಣೆಯಾಗೆ ಓದ್ತೈತೆ. ಇನ್ನು ಹೀರೋನ ಎಲ್ಲಿಂದ ತರಾನ? ನಾನೇ ಮಾಡ್ತೀನಿ ಬಿಡ್ರಿ, ನನಗೇನಾಗೈತೆ?"

ಏನಾಗಿದೆ ಎಂಬುದು ಎದ್ದು ನಿಲ್ಲುವಾಗ ಕೇಳುತ್ತಿತ್ತು. ಎರಡೂ ಮಂಡಿ ಕಟಕಟ ಅಂದವು.

ಈ ಊರಿನಲ್ಲಿ ಒಂದು ಪದ್ಧತಿ ಇದೆ. ಪಾರ್ಟು ಹಿಡಿಯುವವನು ಮೊದಲ ದಿನ ದೇವರ ಫೋಟೋ ಮುಂದೆ ವೀಳ್ಯ ತೆಗೆದುಕೊಳ್ಳುತ್ತಾನೆ. ಅಲ್ಲಿಂದ ಆ ಪಾರ್ಟು ಅವನದು. ಅವನಾಗಿಯೇ ಇನ್ನೊಬ್ಬನಿಗೆ ವೀಳ್ಯ ಕೊಟ್ಟು ಬಿಡುವವರೆಗೆ ಯಾರೂ ಕಿತ್ತುಕೊಳ್ಳುವಂತಿಲ್ಲ, ಮೇಷ್ಟ್ರೂ ಕೂಡ. ಹೀರೋ ವೀಳ್ಯ ಹಿಡಿದಾಗ ಮೀಸೆ ಆಗ ತಾನೇ ಕಪ್ಪಾಗುತ್ತಿತ್ತಂತೆ. ಈಗಲೂ ಕಪ್ಪಗೇ ಇದೆ, ವಾರಕ್ಕೊಮ್ಮೆ ಬಣ್ಣ ಬೀಳುತ್ತದೆ. ಅಧ್ಯಕ್ಷರಿಗೂ ಅಪ್ಪನ ಪಾರ್ಟು ಬಿಡುವ ಮನಸ್ಸಿಲ್ಲ. ಹೀಗಾಗಿ ಮಗನು ಅಪ್ಪನಿಗಿಂತ ನಾಲ್ಕು ವರ್ಷ ದೊಡ್ಡವನಾಗಿಯೇ ನಾಟಕ ನಡೆದುಕೊಂಡು ಬಂದಿತ್ತು.

ನಾಟಕ ನಾನೇ ಕಟ್ಟಿಕೊಟ್ಟದ್ದು. ಕಾಲೇಜು ಓದುವ ಮಗ, ಬಡ ಅಪ್ಪ, ಸಾಹುಕಾರನ ಮಗಳ ಮೇಲೆ ಪ್ರೀತಿ, ಖಳನಾಯಕನ ಜೊತೆ ಹೊಡೆದಾಟ, ಕೊನೆಗೆ ಮಗನ ತೋಳಿನಲ್ಲಿ ತಾಯಿಯ ಸಾವು. ಹೊಸತೇನಿಲ್ಲ, ಆದರೆ ಜನ ಅಳುತ್ತಾರೆ. ತಾಯಿ ಮತ್ತು ನಾಯಕಿಯ ಪಾತ್ರಕ್ಕೆ ಮಾತ್ರ ದಾವಣಗೆರೆಯಿಂದ ಇಬ್ಬರು ಕಲಾವಿದೆಯರನ್ನು ಕರೆಸುವುದು ವಾಡಿಕೆ.

ಹೀರೋ ಒಂದು ಕಾಲಕ್ಕೆ ಪೆಟ್ಟಿಗೆಯ ಎರಡನೇ ಕಪ್ಪು ಮನೆಯ, ಕಪ್ಪು ಎರಡರ, ಎತ್ತರದ ಶ್ರುತಿಗೆ ಲೀಲಾಜಾಲವಾಗಿ ಹಾಡುತ್ತಿದ್ದವರು. ವರ್ಷ ಕಳೆದಂತೆ ಒಂದೊಂದೇ ಮನೆ ಇಳಿದು ಬಿಳಿ ಒಂದಕ್ಕೆ ಬಂದು ನಿಂತಿದ್ದರು. ಅಲ್ಲೂ ಸಾಲಿನ ನಡುವೆ ಉಸಿರು ತೆಗೆದುಕೊಳ್ಳಲು ನಾನು ಪೆಟ್ಟಿಗೆಯಲ್ಲಿ ಒಂದಷ್ಟು ಸುತ್ತು ಹೊಡೆದು ಕಾಯಬೇಕು. ನಾಯಕಿಯದ್ದು ಕಪ್ಪು ನಾಲ್ಕು. ಇಬ್ಬರ ಜೋಡಿ ಹಾಡು ನುಡಿಸುವಾಗ ನನ್ನ ಬೆರಳು ಇತ್ತಲಿಂದ ಅತ್ತ ಓಡಿ ಓಡಿ ಸುಸ್ತಾಗುತ್ತಿತ್ತು. ಇನ್ನು ಪರದೆಯ ಪಕ್ಕದಿಂದ ಮಾತು ಹೇಳಿಕೊಡುವ ಪ್ರಾಂಪ್ಟರ್ ನಿವೃತ್ತ ಪೋಸ್ಟ್‌ಮ್ಯಾನ್. ಪಾತ್ರಧಾರಿಗಳಿಗೆ ಕಿವಿ ಮಂದ ಎಂದು ಗಂಟಲು ಹರಿದು ಹೇಳಿಕೊಡುತ್ತಿದ್ದರು. ಹೀಗಾಗಿ ಪ್ರತಿ ಮಾತೂ ಎರಡು ಸಲ ಕೇಳುತ್ತಿತ್ತು, ಮೊದಲ ಸಲವೇ ಚೆನ್ನಾಗಿ.

ನಾಟಕವನ್ನು ರಾತ್ರಿ ಆಡುವುದನ್ನೂ ಬಿಟ್ಟಿದ್ದರು. ನೋಡುವವರಿಗೂ ವಯಸ್ಸಾಗಿದೆಯಲ್ಲ. ಮಧ್ಯಾಹ್ನ ಮೂರಕ್ಕೆ ಶುರುವಾಗಿ, ಏಳೂವರೆಗೆ ಮಂಗಳ, ಎಂಟಕ್ಕೆ ಊಟ, ಮಾತ್ರೆ. ನಡುವೆ ವಿರಾಮ ಬೇರೆ. ಮೊದಲೆಲ್ಲ ವಿರಾಮದಲ್ಲಿ ಬೀಡಿ ಹೊಗೆ ಏಳುತ್ತಿತ್ತು, ಈಗ ಮಾತ್ರೆಯ ಚೀಟಿ ಹರಿಯುವ ಚರಚರ ಸದ್ದು.

ಹೀಗೆ ಎಳೆದುಕೊಂಡು ಹೋಗುತ್ತಿದ್ದಾಗ ಒಂದು ಸಂಜೆ ಬಿಹಾರಿ ಜಗಳಕ್ಕೆ ಬಂದ.

ರಂಗಮಂದಿರದ ಬೆನ್ನಿಗೇ ಅಡಿಕೆ ಸುಲಿದು ಬೇಯಿಸುವ ಶೆಡ್ಡು ಇದೆ. ಸುಲಿಯಲು ಊರಿನ ಅಜ್ಜಿಯರು, ಮೂಟೆ ಹೊರಲು, ಹಂಡೆಗೆ ಬೆಂಕಿ ಹಾಕಲು ಬಿಹಾರದ ಒಂದು ತಂಡ. ಆ ತಂಡದ ಮೇಸ್ತ್ರಿ ಇವನು, ಇಪ್ಪತ್ತನಾಲ್ಕೋ ಐದೋ ಇರಬೇಕು. ಊರಲ್ಲಿ ಎಲ್ಲರೂ ಬಿಹಾರಿ ಅಂತಲೇ ಕರೆಯುತ್ತಿದ್ದರು. ಅಡಿಕೆ ಕಾಲ ಬಂತೆಂದರೆ ಬರುತ್ತಾನೆ, ಮುಗಿದ ಮೇಲೆ ಹೋಗುತ್ತಾನೆ. ಮೈ ನೆಟ್ಟಗೆ ಕಂಬದ ಹಾಗೆ, ಕಣ್ಣು ಕೆಂಪಗೆ, ಕಟ್ಟೆಯ ಮೆಟ್ಟಿಲು ಹತ್ತಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. ಇನ್ನು ಹಿಂದಿಯಲ್ಲಿ ಬೈಯುತ್ತಾನೆ, ನನಗೆ ಅರ್ಥವಾಗುವುದಿಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ.

"ಏನ್ರಪ್ಪಾ, ನಿಮ್ಗೆ ಮನೆ ಮಠ ಇಲ್ವಾ? ಆ ಪೆಟ್ಗೀಗೆ ಬೆಂಕಿ ಬೀಳಾ! ಕೋಳಿ ಕೂಗಾಕೆ ಮುಂಚೆ ಎದ್ದು ಒಲೆ ಹಚ್ಬೇಕು ನಾನು. ಮಲಗಾನ ಅಂದ್ರೆ ಕಿವಿಗೆ ಕೂಗಿ ಕೂಗಿ ಸಾಯಿಸ್ತೀರಿ. ಸೊಂಟ ಬಿದ್ದೋಗೈತೆ, ಕಣ್ಣು ಕತ್ಲೆ ಇಡ್ತಾವೆ. ಯಾವ ಕರ್ಮಕ್ಕೆ ಹುಟ್ಟಿಸಿದ್ನೋ ಶಿವ!"

ನಾನು ಬಾಯಿ ತೆರೆದು ಕೂತೆ. ಹುಡುಗನ ಬಾಯಿಂದ ನನ್ನ ಅಜ್ಜಿ ಮಾತಾಡಿದ ಹಾಗಿತ್ತು. ಅಧ್ಯಕ್ಷರು ಪಿಸುಗುಟ್ಟಿದರು, "ಸುಲಿಯೋ ಮುದುಕೇರ ಜೊತೆ ಕುಂತು ಕುಂತು ಕನ್ನಡ ಕಲ್ತಾನೆ ಮೇಷ್ಟ್ರೇ. ಬೇರೆ ಯಾರ ಹತ್ರ ಕಲೀಬೇಕು? ಮಾತಾಡಾಕೆ ಊರಾಗೆ ಇರೋರೇ ಅವರು."

ಆಮೇಲೆ ಗಮನಿಸಿದೆ. ಮಾತಷ್ಟೇ ಅಲ್ಲ. ಕೂರುವಾಗ ಮಂಡಿಗೆ ಕೈಯೂರಿ "ಶಿವನೇ" ಎನ್ನುತ್ತಿದ್ದ. ಆಶ್ಚರ್ಯವಾದರೆ ಗಲ್ಲಕ್ಕೆ ಕೈ ಹಚ್ಚುತ್ತಿದ್ದ. ಆದರೆ ಏನು ಕಂಠ! ಅವನು ಬೈದದ್ದು ಕಪ್ಪು ಎರಡರ ಮೇಲೆ ನೆಟ್ಟಗೆ ಕೂತಿತ್ತು, ನಾನು ಮೆಲ್ಲಗೆ ಮನೆ ಒತ್ತಿ ನೋಡಿದೆ. ತಾಲೀಮು ಬೇಗ ಮುಗಿಸುತ್ತೇವೆ ಎಂದು ಸಮಾಧಾನ ಹೇಳಿ ಕಳಿಸಿದೆವು. ಅವತ್ತಿಗೆ ಅಷ್ಟೇ.

ನಾಟಕಕ್ಕೆ ಎರಡು ವಾರವಿರುವಾಗ ಆಗಬಾರದ್ದು ಆಯಿತು. ಹೊಡೆದಾಟದ ದೃಶ್ಯದಲ್ಲಿ ನಾಯಕ ಟೀ ಅಂಗಡಿಯ ಬೆಂಚಿನಿಂದ ಹಾರಿ ಖಳನಾಯಕನ ಎದುರು ನಿಲ್ಲಬೇಕು.

"ಹಾರೋದು ಬ್ಯಾಡ ಹೀರೋ, ಮೆಲ್ಲಗೆ ಇಳೀರಿ, ನಾನು ತಬಲಾದವನಿಗೆ ಜೋರಾಗಿ ಹೊಡೆಯಾಕೆ ಹೇಳ್ತೀನಿ," ಎಂದೆ.

ಅದೇ ತಪ್ಪಾಯಿತು. "ಇಳಿಯೋದಾ? ಹೀರೋ ಎಲ್ಲಾದ್ರೂ ಬೆಂಚಿನಿಂದ ಇಳೀತಾನೇನ್ರೀ?" ಎಂದವರೇ ಹಾರಿದರು. ಹಾರಿದ್ದೇನೋ ನಿಜ. ನೆಲ ಮುಟ್ಟಿದ ಮೇಲೆ ಬಾಗಿದವರು ಬಾಗಿಯೇ ಉಳಿದರು. "ಯವ್ವಾ" ಎಂದದ್ದು ನಾಟಕದಲ್ಲಿ ಇಲ್ಲದ ಮಾತು. ಖಳನಾಯಕ ಗಾಬರಿಯಿಂದ ತನ್ನ ಎದೆ ಹಿಡಿದುಕೊಂಡು ಕೂತುಬಿಟ್ಟರು. ಅಧ್ಯಕ್ಷರು ನೀರು ತನ್ನಿ ಎಂದು ಕೂಗಿದರು, ಪ್ರಾಂಪ್ಟರ್ ಅದನ್ನೂ ನಾಟಕದ ಮಾತೆಂದುಕೊಂಡು ಮುಂದಿನ ಸಾಲು ಹೇಳಿಕೊಟ್ಟರು. ಎತ್ತೋಣ ಎಂದರೆ ಅಲ್ಲಿದ್ದವರಲ್ಲಿ ಒಬ್ಬರೂ ಭಾರ ಎತ್ತುವಂತಿಲ್ಲ. ಒಬ್ಬರಿಗೆ ಹರ್ನಿಯಾ, ಒಬ್ಬರಿಗೆ ಕಣ್ಣಿನ ಆಪರೇಷನ್ ಆಗಿ ವಾರ.

ಸದ್ದು ಕೇಳಿ ಶೆಡ್ಡಿನಿಂದ ಬಿಹಾರಿ ಬಂದ. ಏನೂ ಕೇಳಲಿಲ್ಲ. ಒಂದು ಕೈ ಬೆನ್ನ ಕೆಳಗೆ, ಒಂದು ಕೈ ಮೊಣಕಾಲ ಕೆಳಗೆ ಕೊಟ್ಟು, ಹೀರೋವನ್ನು ಹಾಗೇ ಎತ್ತಿಕೊಂಡು ಶೆಡ್ಡಿನ ಟಾಟಾ ಏಸ್ ಗಾಡಿಯ ಹತ್ತಿರ ನಡೆದ. ಅಡಿಕೆ ಕಾಲದಲ್ಲಿ ಊರಲ್ಲಿ ಯಾರಿಗೆ ಏನಾದರೂ ಎತ್ತುವವರು ಈ ಶೆಡ್ಡಿನ ಹುಡುಗರೇ. ಆಸ್ಪತ್ರೆಗೆ ಹೊರಟವರನ್ನು ಗಾಡಿಗೆ, ಬಿದ್ದವರನ್ನು ಮಂಚಕ್ಕೆ. ಸತ್ತವರ ಚಟ್ಟಕ್ಕೆ ಹೆಗಲು ಕೊಡಲೂ ನಾಲ್ಕು ಜನ ಬೇಕಲ್ಲ, ಆ ನಾಲ್ವರೂ ಬಿಹಾರದವರೇ ಆಗಿ ಬಹಳ ದಿನವಾಗಿತ್ತು. ಅವನು ನಡೆದು ಹೋದದ್ದನ್ನು ನೋಡುತ್ತಾ ನಾನು ಎದ್ದು ನಿಂತೆ. ಕೊನೆಯ ದೃಶ್ಯದಲ್ಲಿ ಮಗ ತಾಯಿಯನ್ನು ಎತ್ತಿಕೊಂಡು ಬರುವುದು ಹೀಗೇ ಅಲ್ಲವೇ? ಹೀರೋ ಮೂರು ವರ್ಷದಿಂದ ಅದನ್ನು ಮಾಡಲಾಗದೆ ತಾಯಿಯನ್ನು ಕುರ್ಚಿ ಸಮೇತ ಎಳೆದುಕೊಂಡು ಬರುತ್ತಿದ್ದರು.

ಬೆನ್ನಿಗೆ ಬೆಲ್ಟು ಕಟ್ಟಿ, ತಿಂಗಳು ಅಲುಗಾಡಬೇಡಿ ಎಂದು ಚನ್ನಗಿರಿಯ ಡಾಕ್ಟರು ಹೇಳಿ ಕಳಿಸಿದರು. ಮಾರನೆಯ ದಿನವೇ ಮೆಂಬರು ಟೇಪು ಹಿಡಿದು ಬಂದ. ಈ ಸಲ ಜೊತೆಗೆ ಒಬ್ಬ ಗಾರೆ ಕೆಲಸದವನೂ ಇದ್ದ.

ನಾನು ತೀರ್ಮಾನ ಮಾಡಿದೆ. ಮಗನ ಪಾರ್ಟು ಬಿಹಾರಿಗೆ.

ಅಧ್ಯಕ್ಷರು ಹೌಹಾರಿದರು. "ನಮ್ಮೂರ ನಾಟ್ಕಕ್ಕೆ ಬಿಹಾರದ ಹೀರೋನಾ? ನನ್ನ ಮಗ ಅಂತ ಹೆಂಗ್ರೀ ತಬ್ಕಳ್ಳಿ ಅವನ್ನ?"

"ನಿಮಗಿಂತ ದೊಡ್ಡೋರನ್ನ ಇಷ್ಟು ವರ್ಷ ಮಗ ಅಂತ ತಬ್ಕಂಡಿಲ್ವಾ?" ಎಂದೆ. ನನಗೆ ಸಿಟ್ಟು ಬಂದರೆ ಊರು ಕೇರಿ ನೋಡುವುದಿಲ್ಲ. "ಗಿಡದಾಗೆ ಬಿಡ್ತಾರೇನ್ರೀ ಹುಡುಗ್ರು, ಕಿತ್ಕಂಡು ಬರಾಕೆ? ಇರೋನು ಇವನೊಬ್ಬ."

ಬಿಹಾರಿಯೂ ಒಪ್ಪಲಿಲ್ಲ. "ನನಗ್ಯಾಕಪ್ಪಾ ಈ ವಯಸ್ಸಿನಾಗೆ ಇದೆಲ್ಲಾ? ನಾಲ್ಕು ಜನ ನೋಡಿ ನಗಾಕಾ?" ಎಂದ. ಒಪ್ಪಿಸಿದ್ದು ಸುಲಿಯುವ ಅಜ್ಜಿ. ಶೆಡ್ಡಿಗೆಲ್ಲ ಹಿರಿಯಳು, ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಮಾತ್ರ ಬರವಿಲ್ಲ. ಇವನಿಗೆ ಕನ್ನಡದ ಗುರು ಅವಳೇ. "ಲೇ, ಮಾಡೋ ಮೂದೇವಿ. ಬಣ್ಣ ಹಚ್ಕಂಡ್ರೆ ಲಕ್ಷಣವಾಗಿ ಕಾಣ್ತೀಯ. ನಾನಂತೂ ಮುಂದಿನ ಸಾಲಿನಾಗೆ ಕುಂತ್ಕಂತೀನಿ," ಎಂದಳು. ಅವಳ ಮಾತು ಮೀರುವ ಧೈರ್ಯ ಶೆಡ್ಡಿನ ಮಾಲೀಕನಿಗೂ ಇರಲಿಲ್ಲ.

ಉಳಿದದ್ದು ವೀಳ್ಯ. ಹೀರೋ ಮನೆಗೆ ಹೋದೆವು, ನಾನು, ಅಧ್ಯಕ್ಷರು, ಬಿಹಾರಿ. ಹೀರೋ ಮಂಚದ ಮೇಲೆ ಬೆಲ್ಟು ಬಿಗಿದುಕೊಂಡು ಮಲಗಿದ್ದರು. ವಿಷಯ ಹೇಳುತ್ತಲೇ ಮುಖ ಗೋಡೆಗೆ ತಿರುಗಿಸಿದರು.

"ಬೆಲ್ಟು ಹಾಕ್ಕಂಡೇ ಮಾಡ್ತೀನಿ. ಮೇಲೆ ಅಂಗಿ ಹಾಕಿದ್ರೆ ಯಾರಿಗೆ ಕಾಣ್ತೈತೆ?"

"ಏಳಾಕೆ ಆಗ್ಬೇಕಲ್ಲ ಹೀರೋ," ಎಂದೆ.

"ಕುಂತ್ಕಂಡು ಮಾಡ್ತೀನಿ."

"ಹೊಡೆದಾಟ?"

"ಅವನೇ ಬಂದು ನನ್ನ ಹತ್ರ ಹೊಡೆಸ್ಕಳ್ಳಲಿ."

ನನಗೆ ನಗು ಬಂತು, ತಡೆದುಕೊಂಡೆ. ಅವರು ಬರೀ ಪಾತ್ರಕ್ಕಾಗಿ ಹಟ ಮಾಡುತ್ತಿರಲಿಲ್ಲ. ವೀಳ್ಯ ಕೊಟ್ಟ ಗಳಿಗೆಯಿಂದ ತಾನು ಮುದುಕ, ಅದು ಅವರಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಅಷ್ಟರಲ್ಲಿ ಅವರು ಮಗ್ಗುಲು ಬದಲಿಸಲು ಒದ್ದಾಡಿದರು. ಬಿಹಾರಿ ಹೋಗಿ, ಕೇಳದೆಯೇ, ಬೆನ್ನಿಗೆ ಕೈಕೊಟ್ಟು ಮೇಲೆ ಸರಿಸಿ ದಿಂಬು ಒತ್ತಿ ಕೂರಿಸಿದ. "ಬಿಡಲೇ ನನ್ನ" ಎಂದು ಹೀರೋ ಗದರಿದರು. ಕೂತ ಮೇಲೆ ಹಾಯೆನಿಸಿತೋ ಏನೋ, ದಿಂಬಿಗೆ ಒರಗಿಕೊಂಡರು.

"ಮೈ ನೆಟ್ಟಗಾಗ್ಲಿ ಕಣಪ್ಪಾ ನಿಂದು," ಎಂದ ಬಿಹಾರಿ, ದಿಂಬು ತಟ್ಟುತ್ತಾ. "ಪಾರ್ಟು ಎಲ್ಲಿಗೆ ಓಡಿ ಹೋಗ್ತೈತೆ? ನಿಂದೇ ಅದು. ನಾನು ಒಂದಿನ ಹಿಡ್ಕಂಡಿರ್ತೀನಿ ಅಷ್ಟೇ, ಕೂಸಿನ್ನ ಹಿಡ್ಕಂಡಂಗೆ."

ಹೀರೋ ಅವನ ಮುಖ ನೋಡಿದರು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ ಹೇಳಿದರು, "ವೀಳ್ಯ ಕೊಡಲ್ಲ. ಎರವಲು ಕೊಡ್ತೀನಿ. ಈ ವರ್ಷಕ್ಕೆ ಮಾತ್ರ. ವಾಪಸ್ ಕೊಡ್ಬೇಕು."

ಪಾರ್ಟು ಎರವಲು ಕೊಟ್ಟದ್ದು ಆ ಊರಿನಲ್ಲಿ ಅದೇ ಮೊದಲು. ಪದ್ಧತಿಯಲ್ಲಿ ಇಲ್ಲ ಎಂದು ಅಧ್ಯಕ್ಷರು ರಾಗ ತೆಗೆದರು. ನಾನು ಅವರ ಕಾಲು ತುಳಿದೆ.

ಇನ್ನು ಕಲಿಸುವ ಕೆಲಸ. ಬಿಹಾರಿಗೆ ಕನ್ನಡ ಓದಲು ಬಾರದು. ನಾನು ಹೇಳಿದ್ದನ್ನು ಹಿಂದಿ ಅಕ್ಷರದಲ್ಲಿ ಬರೆದುಕೊಂಡ. ಅದನ್ನು ಒಲೆಯ ಮುಂದೆ ಕೂತು ಓದುತ್ತಿದ್ದ, ಅಜ್ಜಿಯರು ಅಡಿಕೆ ಸುಲಿಯುತ್ತಾ ತಿದ್ದುತ್ತಿದ್ದರು. ತೊಂದರೆ ಹುಟ್ಟಿದ್ದೇ ಅಲ್ಲಿ. "ನಿನ್ನನ್ನು ಕಂಡ ಕ್ಷಣದಿಂದ ನನ್ನ ಹೃದಯದಲ್ಲಿ ಏನೋ ತಳಮಳ" ಎಂದು ನಾನು ಕಲಿಸಿ ಕಳಿಸಿದ ಮಾತು ಮಾರನೆಯ ಸಂಜೆ ಹೀಗೆ ವಾಪಸ್ಸು ಬಂತು:

"ನಿನ್ನ ನೋಡಿದಾಗಿಂದ ಎದೆಯಾಗೆ ಏನೋ ಹಿಡ್ಕಂಡಂಗೆ ಆಗೈತೆ ಕಣವ್ವಾ. ಓಮಿನಕಾಳು ತಿಂದ್ರೂ ಇಳೀವಲ್ದು."

ದಾವಣಗೆರೆಯಿಂದ ತಾಲೀಮಿಗೆ ಬಂದಿದ್ದ ನಾಯಕಿ ಕೈ ಕೊಡವಿ ಎದ್ದು ನಿಂತರು. "ಮೇಷ್ಟ್ರೇ, ಪ್ರೇಮದ ಸೀನಿನಾಗೆ ಈತ ನನ್ನ ಅವ್ವಾ ಅಂತಾನೆ. ನೆಟ್ಟಗೆ ತಲೆ ಸವರಿ ದೃಷ್ಟಿ ತೆಗೀತಾನೆ. ನಾನು ಹೀರೋಯಿನ್ನೋ, ಇವನ ಮೊಮ್ಮಗಳೋ?"

ತಿದ್ದಿದವರು ಹೀರೋ. ಎರವಲು ಕೊಟ್ಟವರಿಗೆ ವಸ್ತು ಹೇಗೆ ಬಳಕೆಯಾಗುತ್ತಿದೆ ಎಂದು ನೋಡದಿದ್ದರೆ ನಿದ್ದೆ ಬರುವುದಿಲ್ಲ. ದಿನಾ ಮಧ್ಯಾಹ್ನ ಅವನನ್ನು ಮಂಚದ ಹತ್ತಿರ ಕರೆಸಿಕೊಂಡರು. "ಎದೆ ಉಬ್ಬಿಸೋ. ಹುಡುಗನಂಗೆ ನಡಿಯೋ. ಮಂಡಿ ಹಿಡ್ಕಂಡು ಯಾಕೋ ಕೂರ್ತೀಯ, ನಿನ್ನ ಮಂಡಿಗೇನು ಬಂದೈತೆ ರೋಗ?" ಎಂದು ಮಲಗಿದಲ್ಲಿಂದಲೇ ಕೂಗುತ್ತಿದ್ದರು. ಹುಡುಗನಿಗೆ ಹುಡುಗನಂತೆ ನಡೆಯಲು ಮುದುಕರು ಕಲಿಸಿದರು. ಹೇಗೋ ಒಂದು ದಾರಿಗೆ ಬಂತು. ಕೊನೆಯ ದೃಶ್ಯದ ಮಾತು ಮಾತ್ರ ಬಾಯಿಗೆ ಹತ್ತಲಿಲ್ಲ. "ಅಮ್ಮಾ, ಈ ಕ್ರೂರ ಪ್ರಪಂಚದಲ್ಲಿ ನನ್ನನ್ನು ಏಕಾಂಗಿಯಾಗಿ ಮಾಡಿ ಹೊರಟೆಯಾ" ಎಂಬುದು ಅವನಿಗೆ ಕನ್ನಡ ಎಂದೇ ಅನ್ನಿಸುತ್ತಿರಲಿಲ್ಲ. ಪ್ರಾಂಪ್ಟರ್ ಇದ್ದಾರಲ್ಲ, ಕೂಗಿ ಹೇಳುತ್ತಾರೆ ಎಂದು ಬಿಟ್ಟೆ.

ನಾಟಕದ ಮಧ್ಯಾಹ್ನ ರಂಗಮಂದಿರದ ಮುಂದೆ ಜಾಗವಿರಲಿಲ್ಲ. ಬಿಹಾರಿ ಬಣ್ಣ ಹಚ್ಚುತ್ತಾನೆ ಎಂದು ಸುದ್ದಿ ಹಬ್ಬಿ ಸುತ್ತಲ ಶೆಡ್ಡುಗಳ ಹುಡುಗರೆಲ್ಲ ಬಂದಿದ್ದರು. ಬಹಳ ಕಾಲದ ಮೇಲೆ ನನ್ನ ನಾಟಕಕ್ಕೆ ಸಿಳ್ಳೆ ಬಿತ್ತು. ಊರಿನವರಿಗೆ ಸಿಳ್ಳೆ ಹಾಕಲು ಹಲ್ಲು ಬೇಕಲ್ಲ. ಮೊದಲ ಸಾಲಿನಲ್ಲಿ ಅಜ್ಜಿಯರ ಪಡೆ. ನಡುವೆ ಕುರ್ಚಿಯಲ್ಲಿ ಬೆಲ್ಟು ಕಟ್ಟಿಕೊಂಡ ಹೀರೋ, ಮೀಸೆಗೆ ಬಣ್ಣ ಹೊಡೆದುಕೊಂಡೇ ಬಂದಿದ್ದರು. ತುದಿಯಲ್ಲಿ ಮೆಂಬರು, ಟೇಪು ಜೇಬಿನಲ್ಲಿ. ನಾಟಕ ನಡುವೆ ನಿಂತರೆ ಆಗಲಿಲ್ಲ ಎಂದೇ ಲೆಕ್ಕ ಎಂದು ಬರುವಾಗಲೇ ಹೇಳಿ ಕೂತಿದ್ದ.

ಬೆಂಚಿನಿಂದ ಬಿಹಾರಿ ಹಾರಿದಾಗ ಕಟ್ಟೆ ಅದುರಿತು. ಹಾಡನ್ನು ಕಪ್ಪು ಎರಡಕ್ಕೆ ಹಿಡಿದು ಬಿಟ್ಟ, ನನ್ನ ಬೆರಳುಗಳಿಗೆ ಹಬ್ಬ. ನಾಯಕಿಯನ್ನು ಒಂದೇ ಒಂದು ಸಲ 'ಅವ್ವಾ' ಎಂದ, ಅದೂ ಅವರು ಎಡವಿದಾಗ ಗಾಬರಿಯಲ್ಲಿ. ಮಾತ್ರೆ ನುಂಗುವ ವಿರಾಮ ಮುಗಿದು ಕೊನೆಯ ದೃಶ್ಯಕ್ಕೆ ಬಂದೆವು. ತಾಯಿಯ ಪಾತ್ರದ ಕಲಾವಿದೆಯನ್ನು ಎತ್ತಿಕೊಂಡು ಬಂದ. ಕುರ್ಚಿ ಇಲ್ಲದೆ ತಾಯಿ ಬಂದದ್ದು ನೋಡಿ ಜನ ಚಪ್ಪಾಳೆ ತಟ್ಟಿದರು. ಕೆಳಗಿಳಿಸಿದ. ತಾಯಿ ಸತ್ತಳು.

ಮಾತು ಬರಲಿಲ್ಲ.

ಪರದೆಯ ಸಂದಿಗೆ ಕಣ್ಣು ಹಾಯಿಸಿದೆ. ಪ್ರಾಂಪ್ಟರ್ ಕುರ್ಚಿ ಖಾಲಿ. ವಿರಾಮದಲ್ಲಿ ಅವರು ನುಂಗಿದ್ದು ಮೂತ್ರದ ಮಾತ್ರೆ ಎಂದು ಆಮೇಲೆ ಗೊತ್ತಾಯಿತು. ಪೆಟ್ಟಿಗೆಯಲ್ಲಿ ಶೋಕರಾಗ ಎಳೆದೆ, ಇನ್ನೊಂದು ಸುತ್ತು ಎಳೆದೆ. ಮೆಂಬರು ಕುರ್ಚಿಯಲ್ಲಿ ನೆಟ್ಟಗಾದ. ಬಿಹಾರಿ ನನ್ನ ಕಡೆ ನೋಡಿದ, ಸತ್ತ ತಾಯಿಯ ಕಡೆ ನೋಡಿದ.

ಆಮೇಲೆ ಅವನು ಹೆಗಲ ಮೇಲಿನ ಟವೆಲ್ಲನ್ನು ತಲೆಯ ಮೇಲೆ ಎಳೆದುಕೊಂಡ. ಕುಕ್ಕರುಗಾಲಿನಲ್ಲಿ ಕೂತ. ಎದೆಗೆ ಕೈ ಬಡಿದು ಎತ್ತಿದ ದನಿಯಲ್ಲಿ ಹಾಡಿಕೊಂಡು ಅಳಲು ಶುರು ಮಾಡಿದ.

"ಯವ್ವಾ ನನ್ನವ್ವಾ… ಒಲೆ ಮುಂದಿನ ಮಣೆ ಖಾಲಿ ಮಾಡಿದ್ಯಲ್ಲೇ ನನ್ನವ್ವಾ… ಹೊತ್ತು ಮುಳುಗಿದ್ ಮ್ಯಾಲೆ ಉಂಡ್ಯಾ ಅಂತ ಕೇಳೋರ್ಯಾರೇ ನನ್ನವ್ವಾ… ಎಲೆ ಅಡಿಕೆ ಚೀಲ ಯಾರ ಕೈಯಾಗೆ ಕೊಟ್ಟು ಹೋದ್ಯೇ ನನ್ನವ್ವಾ…"

ನಮ್ಮ ಸೀಮೆಯಲ್ಲಿ ಹಾಗೆ ಹಾಡಿಕೊಂಡು ಅಳುವುದು ಹೆಂಗಸರು. ಗಂಡಸು ಹಾಗೆ ಅತ್ತದ್ದು ನಾನು ಕಂಡಿಲ್ಲ, ಕೇಳಿಲ್ಲ. ಚಟ್ಟ ಹೊತ್ತು ಹೊತ್ತು, ಪ್ರತಿ ಸಾವಿನ ಮನೆಯ ಅಂಗಳದಲ್ಲಿ ನಿಂತು ನಿಂತು, ಅಳುವುದೆಂದರೆ ಕನ್ನಡದಲ್ಲಿ ಹೀಗೆಯೇ ಎಂದು ಅವನು ಕಲಿತುಬಿಟ್ಟಿದ್ದ. ಗಂಡಸರ ಕಡೆ ಕಿಸಕ್ಕೆಂದು ನಗು ಎದ್ದಿತು. ಮುಗಿಯಿತು ನಮ್ಮ ಕಥೆ ಎಂದುಕೊಂಡೆ.

ಆದರೆ ಒಬ್ಬರು ಎತ್ತಿದ ಅಳುವನ್ನು ಇನ್ನೊಬ್ಬರು ಹಿಡಿಯದೆ ಬಿಡಬಾರದು, ಅದು ಆ ಅಳುವಿನ ರೀತಿ. ಮುಂದಿನ ಸಾಲಿನಲ್ಲಿ ಸುಲಿಯುವ ಅಜ್ಜಿ ಸೆರಗು ಬಾಯಿಗೆ ಒತ್ತಿ, "ಹಡೆದವ್ವನ್ನ ಕಳ್ಕಂಡ್ಯಲ್ಲೋ ನನ್ನಪ್ಪಾ…" ಎಂದು ಎತ್ತಿಕೊಂಡಳು. ಪಕ್ಕದವಳು ಸೇರಿದಳು. ಆ ಸಾಲು ಪೂರ್ತಿ ಸೇರಿತು. ನಾನು ಶ್ರುತಿ ಹುಡುಕಿದೆ, ಅದು ಕರಿಮನೆಗೂ ಬಿಳಿಮನೆಗೂ ನಡುವೆ ಎಲ್ಲೋ ಇತ್ತು, ನನ್ನ ಪೆಟ್ಟಿಗೆಯಲ್ಲಿ ಆ ಮನೆಯೇ ಇಲ್ಲ. ಕೈ ತೆಗೆದುಬಿಟ್ಟೆ. ನಗುತ್ತಿದ್ದ ಗಂಡಸರು ಟವೆಲ್ಲಿಗೆ ಮುಖ ಒರೆಸುತ್ತಿದ್ದರು. ಸತ್ತ ತಾಯಿ ಮೆಲ್ಲಗೆ ಮೂಗು ಒರೆಸಿಕೊಂಡರು. ನನ್ನ ಅವ್ವ ಹೋದಾಗ ನಾನು ಬಿಳಿಚೋಡಿನ ಕಡೆ ತಾಲೀಮಿನಲ್ಲಿದ್ದೆ, ಅಳಲು ಹೊತ್ತೇ ಸಿಕ್ಕಿರಲಿಲ್ಲ. ಅವತ್ತು ಪೆಟ್ಟಿಗೆಯ ಮೇಲೆ ತಲೆಯಿಟ್ಟು ಅತ್ತೆ.

ಈಗ ಖಳನಾಯಕ ಗಹಗಹಿಸಿ ನಗುತ್ತಾ ಬರಬೇಕು. ಪರದೆಯ ಹಿಂದೆ ಹೋಗಿ ನೂಕಿದೆ.

"ಊರಿಗೂರೇ ಅಳ್ತೈತೆ, ಈಗ ನಾನು ಹೆಂಗ್ರೀ ನಗ್ಲಿ?" ಎಂದರು ಅವರು, ಕಣ್ಣೊರೆಸಿಕೊಳ್ಳುತ್ತಾ. "ನಾಳೆಯಿಂದ ನಾನಿಲ್ಲಿ ಬಾಳ್ವೆ ಮಾಡ್ಬೇಕಲ್ಲ."

ಅವರು ನಗದೆಯೇ ಬಂದರು. ಕೈಯಲ್ಲಿದ್ದ ಚೂರಿ ಪಕ್ಕಕ್ಕಿಟ್ಟು ತಾಯಿಯ ಕಾಲಿಗೆ ಬಿದ್ದರು. ಖಳನಾಯಕನ ಕೊನೆಯ ಅಬ್ಬರವಿಲ್ಲದೆಯೇ ನಾಟಕ ಮುಗಿಯಿತು, ಎಲ್ಲರೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಹೋದರು. ಮೆಂಬರು ಹೋಗುವಾಗ ನನ್ನ ಹತ್ತಿರ ಬಂದು ನಿಂತ. ಅವನ ತಾಯಿಯ ಚಟ್ಟವನ್ನು ಹೋದ ಅಡಿಕೆ ಕಾಲದಲ್ಲಿ ಹೊತ್ತವರೂ ಈ ಹುಡುಗರೇ. "ಆತು ಬಿಡ್ರಿ. ಅಡಿಕೆ ಎಲ್ಲಾದ್ರೂ ಒಣಗ್ತಾವೆ," ಎಂದವನು ಮುಖ ತೋರಿಸದೆ ನಡೆದ.

ಆದರೆ ಅದು ಈ ವರ್ಷದ ಮಾತು. ಬಣ್ಣದ ಕೋಣೆಯಲ್ಲಿ ಬಿಹಾರಿ ಕೊಬ್ಬರಿ ಎಣ್ಣೆ ಹಚ್ಚಿ ಮುಖ ಉಜ್ಜುತ್ತಿದ್ದಾಗ ಹೀರೋ ಒಳಗೆ ಬಂದರು, ಗೋಡೆ ಹಿಡಿದುಕೊಂಡು. ಎರವಲು ಕೊಟ್ಟದ್ದನ್ನು ಕೇಳಲು ಬಂದಿದ್ದಾರೆ. ಅವರು ವಾಪಸ್ಸು ಪಡೆದರೆ ಮುಂದಿನ ವರ್ಷ ಬೆಂಚಿನಿಂದ ಹಾರುವವರಿಲ್ಲ, ನಾಟಕವಿಲ್ಲ, ನನಗೆ ಪೆಟ್ರೋಲ್ ಬಂಕೇ ಗತಿ.

ಹೀರೋ ಅಧ್ಯಕ್ಷರ ಎದುರು ನಿಂತರು.

"ನಿನ್ನ ಪಾರ್ಟು ನನಗೆ ಬಿಡು."

"ಯಾವುದು?" ಅಧ್ಯಕ್ಷರಿಗೆ ತಿಳಿಯಲಿಲ್ಲ. "ಅಪ್ಪಂದಾ? ನಿನಗ್ಯಾಕೆ ಅಪ್ಪನ ಪಾರ್ಟು?"

"ಯಾಕೆ ಅಂದ್ರೆ? ಇವನಿಗೆ ಅಪ್ಪ ಬ್ಯಾಡ್ವಾ? ನಿನ್ನಂಥ ಚಿಕ್ಕ ಹುಡುಗ ಇವನಿಗೆ ಅಪ್ಪ ಆದ್ರೆ ಜನ ನಗ್ತಾರೆ. ನಾಳೆ ವೀಳ್ಯ ತಗಂಬಾ. ನಂದು ಇವನಿಗೆ, ನಿಂದು ನನಗೆ."

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಹಾರ್ಮೋನಿಯಂ ಒರೆಸುವುದರಲ್ಲಿ ಮಗ್ನನಾದೆ. ಹೀರೋ ಬಿಹಾರಿಯ ಕಡೆ ತಿರುಗಿದರು.

"ಏನೋ, ಮುಂದಿನ ವರ್ಷ ಬರ್ತೀಯೋ ಇಲ್ವೋ?"

ಬಿಹಾರಿ ಎಣ್ಣೆ ಮುಖದಲ್ಲೇ ಮಂಡಿಗೆ ಕೈಯೂರಿ ಕೂತ. ದೊಡ್ಡದಾಗಿ ಉಸಿರು ಬಿಟ್ಟ. "ನಮ್ಮ ಕೈಯಾಗೆ ಏನೈತೆ ಕಣಪ್ಪಾ," ಎಂದ, "ಜೀವ ಗಟ್ಟಿ ಇದ್ರೆ ಬರ್ತೀನಿ. ಈ ವಯಸ್ಸಿನಾಗೆ ಇವತ್ತು ಇದ್ದೋರು ನಾಳೆ ಇರ್ತಾರೆ ಅನ್ನಾಕೆ ಆಗಲ್ಲ."

"ಮುಚ್ಚೋ ಬಾಯಿ," ಎಂದರು ಹೀರೋ. "ಅದು ನಾನು ಹೇಳೋ ಮಾತು. ನಾನೇ ಇರ್ತೀನಿ ಅಂತ ಪಾರ್ಟು ಹಿಡೀತಿದೀನಿ, ನಿನಗೇನೋ ಬಂದೈತೆ ಧಾಡಿ? ಬಾ."